ಜವರ ನಿಲ್ಲಿಸಿದ ನಾಲ್ಕನೇ ಕಂಬ

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ಸ್ವಲ್ಪ ತಡೀರಿ.

ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ಎತ್ತಿನಂಥ ಮೈ. ತಲೆಯಲ್ಲಿ ಮಾತ್ರ ಹೇಳಿದ್ದಷ್ಟೇ ಇರೋದು, ಹೇಳದ್ದು ಒಂದೂ ಇಲ್ಲ. ಹೋದ ವರ್ಷ ಅವರ ಎಮ್ಮೆ ಬಯಲಲ್ಲಿ ಮಳೆಗೆ ಸಿಕ್ಕಿ ಈದು, ಕರು ಥಂಡಿಗೆ ಸತ್ತಿತ್ತು. ಆ ಎಮ್ಮೆ ಕರುವಿಗಾಗಿ ಕೂಗಿದ್ದು ಚಿಕ್ಕತಾಯಮ್ಮನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಈಗ ಎಮ್ಮೆ ಮತ್ತೆ ಗಬ್ಬ.

"ಏನಾದರೂ ಆಗಲಿ, ಇದು ಈಯೋದರೊಳಗೆ ಹಿತ್ತಲಲ್ಲಿ ಕೊಟ್ಟಿಗೆ ನಿಲ್ಲಿಸೇ ನಿಲ್ಲಿಸ್ತೀನಿ!" ಅಂದಳು. ಕಾಂಕ್ರೀಟು ಪಾಯ, ನಾಲ್ಕು ಮರದ ಕಂಬ, ಮೇಲೆ ತಗಡು. ಕೈಯಾಳು ಯಾರು? ಜವರ!

"ಗೂಟ ಹೊಡೆದ ಕಡೆ ಗುಂಡಿ ತೋಡ್ಲಾ," ಅಂದಳು. ತೋಡಿದ. ಮಾರನೇ ದಿನ ಗಾರೆ ಮೇಸ್ತ್ರಿ ಯಾಲಕ್ಕಯ್ಯ ನಸುಕಿನಲ್ಲೇ ಅಳತೆ ನೋಡೋಕೆ ಬಂದವನು ದಬಕ್ಕನೆ ಗುಂಡಿಯೊಳಗೆ ಬಿದ್ದ.

"ಅಯ್ಯೋ ಮೂದೇವಿ! ತೋಡಿದ ಗುಂಡಿ ಹಂಗೇ ಬಿಡ್ತಾರೇನ್ಲಾ? ಮುಚ್ಚಬೇಕು ಕಣ್ಲಾ, ಮುಚ್ಚಬೇಕು!" ಅಂತ ಬೈದಳು ಚಿಕ್ಕತಾಯಮ್ಮ.

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಮಾಡಿದ! ಸಂಜೆಯೊಳಗೆ ನಾಲ್ಕೂ ಗುಂಡಿಗೆ ಮಣ್ಣು ತುಂಬಿ, ಬಿಂದಿಗೆಗಟ್ಟಲೆ ನೀರು ಸುರಿದು, ತುಳಿದು ತುಳಿದು ಗಟ್ಟಿ ಮಾಡಿ, ಮೇಲೆ ಸಗಣಿ ಸಾರಿಸಿದ. ರಂಗೋಲಿ ಒಂದು ಬಾಕಿ ಇತ್ತು.

ಮೇಸ್ತ್ರಿ ತಲೆ ಚಚ್ಚಿಕೊಂಡ. "ಮಣ್ಣಿಗ್ಯಾಕಪ್ಪಾ ನೀರು ಹಾಕ್ದೆ? ನೀರು ಹಾಕೋದು ಸಿಮೆಂಟಿಗೆ! ಬೆಳಗ್ಗೆ ಸಂಜೆ ಹಾಕಿದಷ್ಟೂ ಗಟ್ಟಿ ಆಯ್ತದೆ!"

"ಹೂಂ ಮೇಸ್ತ್ರಿ, ಹಂಗೇ ಮಾಡ್ತೀನಿ."

ಮತ್ತೆ ಗುಂಡಿ ತೋಡಿದ್ದಾಯಿತು. ಸಿಮೆಂಟು ಮೂಟೆ ಬಂತು, ಜಗಲಿ ಮೇಲೆ ಇಳಿಸಿದ್ದಾಯಿತು. ಜವರ ಬಿಂದಿಗೆ ಹಿಡಿದ. ಬೆಳಗ್ಗೆ ಮೂಟೆಗೆ ನೀರು, ಸಂಜೆ ಮೂಟೆಗೆ ನೀರು. ಮೇಸ್ತ್ರಿ ಬಂದು ನೋಡಿದರೆ ಮೂಟೆ ಎಲ್ಲಿ? ಜಗಲಿ ತುಂಬ ಬಂಡೆ!

"ಗಟ್ಟಿ ಆಗ್ಯದೆ ಮೇಸ್ತ್ರಿ, ತಟ್ಟಿ ನೋಡಿ!" ಅಂದ ಜವರ, ಹೆಮ್ಮೆಯಿಂದ.

ಚಿಕ್ಕತಾಯಮ್ಮನಿಗೆ ಅಳುವೇ ಬಂತು. "ಮೂಟೆಗಲ್ಲ ಕಣ್ಲಾ! ಗುಂಡೀಲಿ ನೆಟ್ಟಮೇಲೆ, ಅದು ಗಟ್ಟಿಯಾಗಿ ನಿಂತಮೇಲೆ, ಗೋಣಿತಾಟು ಸುತ್ತಿ ನೀರು ಹಾಕಬೇಕು! ಇಲ್ದಿದ್ರೆ ಬಿರುಕು ಬಿಡ್ತದೆ!"

"ಹೂಂ ಕಣವ್ವ. ಗೋಣಿತಾಟು, ನೀರು, ಬಿರುಕು. ಮರೆಯಲ್ಲ."

ಅವಳು ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿದಳು. ಕೊಟ್ಟಿಗೆ ಆಗಲೇಬೇಕು! ಮೇಸ್ತ್ರಿಗೂ ಪಾಪ ಅನ್ನಿಸಿತು. ಬೇರೆ ಕಡೆ ಮಿಕ್ಕಿದ್ದ ಸಿಮೆಂಟು ತಂದು ಕಲಸಿದ. ಮೂರು ಕಂಬ ನಿಂತವು, ಓರೆಗೆ ಬಿದಿರು ಗಳು ಕೊಟ್ಟು ಬಿಗಿದರು. ನಾಲ್ಕನೇ ಕಂಬ ಇಳಿಸಿ ಕಾಂಕ್ರೀಟು ಸುರಿದರು, ಅಷ್ಟರಲ್ಲಿ ಎಮ್ಮೆ ನರಳಿತು. ಮೇಲೆ ಗುಡುಗು!

"ಜವರಾ, ಕಂಬ ಹಿಡ್ಕೊ! ಗಟ್ಟಿ ಆಗೋಗಂಟ ಅದೂ ಅಲ್ಲಾಡಬಾರದು, ನೀನೂ ಕದಲಬಾರದು!" ಅಂತ ಕೂಗಿ ಚಿಕ್ಕತಾಯಮ್ಮ ಎಮ್ಮೆ ಹತ್ತಿರ ಓಡಿದಳು.

ತಗಡು ಹೊದಿಸೋಕೆ ಹೊತ್ತೆಲ್ಲಿ? ಮೇಸ್ತ್ರಿ ನಾಲ್ಕು ಕಂಬದ ತಲೆಗೂ ಟಾರ್ಪಾಲು ಎಳೆದು ಕಟ್ಟಿದ. ಅದರಡಿಗೆ ಎಮ್ಮೆಯನ್ನು ಹೊಡಕೊಂಡು ಬಂದರು. ಗಾಳಿ ಟಾರ್ಪಾಲನ್ನು ಜಗ್ಗಿತು, ಮಳೆ ಬಡಿಯಿತು. ಕಂಬ ಅಲ್ಲಾಡಲಿಲ್ಲ. ತಬ್ಬಿ ನಿಂತ ಜವರನೂ ಅಲ್ಲಾಡಲಿಲ್ಲ. ಕರು ಒಣ ನೆಲದ ಮೇಲೆ ಬಿತ್ತು, ಬೆಚ್ಚಗೆ.

ಬೆಳಗಾಯಿತು, ಮಳೆ ನಿಂತಿತು. ಕರು ತಡವರಿಸಿಕೊಂಡು ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ಚಿಕ್ಕತಾಯಮ್ಮನಿಗೆ ಎದೆ ತುಂಬಿ ಬಂತು.

"ನೀನು ಹಿಡಕೊಂಡಿದ್ದಕ್ಕೆ ಉಳೀತು ಕಣ್ಲಾ ನನ್ನಪ್ಪಾ! ಬಾ, ಮುದ್ದೆ ಉಣ್ಣು."

ಜವರ ಬರಲಿಲ್ಲ.

"ಬಾರ್ಲಾ!"

"ಹೆಂಗವ್ವ ಬರಲಿ?"

ಅವಳು ಬಗ್ಗಿ ನೋಡಿದಳು. ಆಚೆ ನಿಂತರೆ ಎಲ್ಲಿ ಕದಲಿಬಿಡ್ತೀನೋ ಅಂತ ಮಗರಾಯ ಕಾಂಕ್ರೀಟಿನೊಳಗೇ ಇಳಿದು ನಿಂತಿದ್ದ! ಎರಡೂ ಕಾಲು ಗಿಣ್ಣಿನವರೆಗೆ ಪಾಯದೊಳಗೆ!

"ಅಯ್ಯಯ್ಯೋ, ಮೇಸ್ತ್ರೀ! ಉಳಿ ತನ್ನಿ, ಸುತ್ತಿಗೆ ತನ್ನಿ!"

"ಉಳಿ ಯಾಕವ್ವ?" ಅಂದ ಜವರ. "ನೆಟ್ಟಿದ್ದಾಯ್ತು, ಗಟ್ಟಿ ಆಗಿದ್ದೂ ಆಯ್ತು. ನೀನೇ ಹೇಳಿದ್ದಲ್ಲ? ಬೇಗ ಗೋಣಿತಾಟು ಸುತ್ತಿ ನನಗೆ ನೀರು ಹಾಕವ್ವ, ಬಿರುಕು ಬಿಟ್ಟೋದೇನು!"