ಬೀಜ ಒಡೆದ ಬಂಡೆ

ಗಾಳೆಪ್ಪ ಮೊದಲ ಸಲ ಮನೆ ಬಿಟ್ಟು ನಡೆದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, ಅದೂ ಮಂಗಳವಾರ, ಎಂದು ಗುಂಡ್ಲಾಳದ ಹಿರಿಯರು ಇಂದಿಗೂ ವಾರದ ಸಮೇತ ಹೇಳುತ್ತಾರೆ. ಅವನ ಊರು ಯಾವುದು, ತಂದೆ ಯಾರು ಎಂದರೆ ಯಾರಿಗೂ ತಿಳಿಯದು. ನಡೆದ ದಿನ ಮಾತ್ರ ಗೊತ್ತು. ಹನ್ನೊಂದು ವರ್ಷದ ಹುಡುಗ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದವನು ಅಯ್ಯನವರನ್ನು ಕುಲದ ವಿಷಯ ಏನೋ ಕೇಳಿದನಂತೆ. ಅಯ್ಯನವರು ಉತ್ತರದ ಬದಲು ಬೆತ್ತ ಎತ್ತಿದರಂತೆ. ಹುಡುಗ ಬರೆದದ್ದನ್ನು ಅಂಗೈಯಿಂದ ಒರೆಸಿ, ಎದ್ದು, ಹೊಸ್ತಿಲು ದಾಟಿ ಹೋದವನು ತಿರುಗಿ ನೋಡಲಿಲ್ಲ. ಗುಂಡ್ಲಾಳದ ಗುಡ್ಡದ ಬಂಡೆಗೆ ಹೆಸರು ಬಂದದ್ದು ಆ ಹುಡುಗ ಬೆಳೆದು ಗಂಡಸಾದ ಮೇಲೆ, ಅವನ ಸಿಟ್ಟಿನಿಂದ.

ಗುಡ್ಡವನ್ನು ಗುರುತಿಸಲು ಯಾರ ಸಹಾಯವೂ ಬೇಕಿಲ್ಲ. ಆ ಸೀಮೆಯ ಗುಡ್ಡಗಳೆಲ್ಲ ಬರೀ ಕಲ್ಲು. ಎಲ್ಲೋ ಒಂದು ಚಿಗುರು ಕಂಡರೆ ಆಡುಕುರಿಗಳು ನೆಕ್ಕಿ ನುಣ್ಣಗೆ ಮಾಡಿರುತ್ತವೆ. ಇದೊಂದು ಗುಡ್ಡ ಮಾತ್ರ ತುದಿಯವರೆಗೆ ಹಸಿರು. ಅದರ ತುಂಬ ಸೀತಾಫಲ. ಆ ಎಲೆಯ ಘಾಟಿಗೆ ಆಡು ಮೂಗು ತಿರುವಿ ಹೋಗುತ್ತದೆ. ಅರ್ಧ ಗುಡ್ಡ ಹತ್ತಿದರೆ ಒಕ್ಕಲು ಕಣದಷ್ಟು ಅಗಲದ ಹಾಸುಬಂಡೆ ಸಿಗುತ್ತದೆ. ಅದರ ಮೇಲೆ ಸಾಲಾಗಿ ಮೂರು ಕುಳಿ, ಪಕ್ಕದಲ್ಲಿ ಒಂದು ಉರುಟು ಕಲ್ಲು. ಯಾರೋ ಅಲ್ಲೊಂದು ಫಲಕ ನೆಟ್ಟು, ಹಿಂದಿನವರು ಕಾಳು ಕುಟ್ಟುತ್ತಿದ್ದ ಜಾಗ ಎಂದು ಬರೆಸಿದ್ದಾರೆ. ಬಂದವರು ಅದನ್ನು ಓದಿ ತಲೆಯಾಡಿಸಿ, ಹಣ್ಣು ತಿಂದು, ಬೀಜ ಉಗುಳಿ ಇಳಿದುಹೋಗುತ್ತಾರೆ. ಮನೆಯ ಒರಳು ಬಿಟ್ಟು ಕಾಳು ಕುಟ್ಟಲು ಗುಡ್ಡ ಹತ್ತುವಂಥ ಹುಚ್ಚರು ಯಾವ ಕಾಲದಲ್ಲಿದ್ದರು ಎಂದು ಒಬ್ಬರಾದರೂ ಕೇಳಬಾರದೆ? ಕೇಳುವುದಿಲ್ಲ. ಬರೆದಿದ್ದರೆ ಸಾಕು, ನಂಬುತ್ತಾರೆ. ಆ ಬಂಡೆಯ ಕಥೆಯೂ ಇದೇ ರೋಗದ ಕಥೆ.

ಹಿಂದೆ ಒಮ್ಮೆ, ಗುಂಡ್ಲಾಳ ಇನ್ನೂ ದೇಸಾಯರ ಕೈಯಲ್ಲಿದ್ದ ಕಾಲ. ಬಸವಂತರಾಯ ದೇಸಾಯಿಯ ವಾಡೆಯ ಹಿಂದೆ ದೊಡ್ಡ ತೋಟ, ತೋಟದಲ್ಲಿ ರಾಮಫಲದ ಗಿಡಗಳು. ವಾಡೆಯ ಅಂಗಳದ ಚಪ್ಪರಕ್ಕೆ ಮನೋರಂಜಿತದ ಬಳ್ಳಿ. ಊರಾಚೆ ಗುಡ್ಡದಲ್ಲಿ ಹೇಳುವವರು ಕೇಳುವವರು ಇಲ್ಲದ ಸೀತಾಫಲ. ವಾಡೆಯಲ್ಲಿ ಶೇಷಪ್ಪ ಪಂಡಿತನೆಂಬ ವೈದ್ಯನಿದ್ದ. ಅವನ ಬಳಿ ಗುರುವಿನಿಂದ ಬಂದ ಒಂದು ಕಡತ. ಆ ಕಡತದಲ್ಲಿ ಸೀಮೆಯ ಗಿಡಮರಗಳನ್ನೆಲ್ಲ ಮೂರು ಕುಲವಾಗಿ ವಿಂಗಡಿಸಿ ಬರೆದಿತ್ತು: ದೇವಕುಲ, ಮನೆಕುಲ, ಅಡವಿಕುಲ. ರಾಮಫಲದ ಸಿಪ್ಪೆ ನುಣುಪು, ಬಣ್ಣ ಕೆಂಪು, ದೇವರ ನೈವೇದ್ಯಕ್ಕೆ ಸಲ್ಲುತ್ತದೆ, ಆದ್ದರಿಂದ ದೇವಕುಲ. ಮನೋರಂಜಿತದ ಹೂ ಹೆಂಗಸರು ಮುಡಿಯುವಂಥದ್ದು, ಆದ್ದರಿಂದ ಮನೆಕುಲ. ಸೀತಾಫಲದ ಮೈಯೆಲ್ಲ ಗಂಟು, ಕಲ್ಲಿನ ಸಂದಿಯಲ್ಲಿ ಹುಟ್ಟುತ್ತದೆ, ನರಿಯೂ ತಿನ್ನುತ್ತದೆ, ಆದ್ದರಿಂದ ಅಡವಿಕುಲ. ಯಾವ ಕುಲದ್ದಕ್ಕೆ ಯಾವ ಗುಣ ಎಂಬುದೂ ಬರೆದಿತ್ತು. ದೇವಕುಲದ ಗಿಡದಲ್ಲಿ ವಿಷವಿಲ್ಲ ಎಂಬ ಒಂದು ಸಾಲೂ ಇತ್ತು. ಆ ಸಾಲೇ ಒಂದು ಕಣ್ಣು ತಿಂದಿತು.

ಗಾಳೆಪ್ಪ ಆಗ ನಾರುಬೇರು ಮಾರುತ್ತ ಊರೂರು ಅಲೆಯುತ್ತಿದ್ದ. ಉಪ್ಪಿನ ಎತ್ತುಗಳ ಹಿಂದೆ ನಡೆದಿದ್ದ, ಕುರಿಗಾರರ ಜೊತೆ ಮಳೆಯಲ್ಲಿ ನೆನೆದಿದ್ದ, ಒಂದೂರಿನಲ್ಲಿ ಮೂರನೆಯ ಅಮಾವಾಸ್ಯೆ ಕಂಡವನಲ್ಲ. ವರ್ಷಕ್ಕೊಮ್ಮೆ, ದಸರೆ ಕಳೆದ ಮೇಲೆ, ಸೀತಾಫಲದ ಬೀಜಕ್ಕೆಂದು ಈ ಗುಡ್ಡಕ್ಕೆ ಬರುತ್ತಿದ್ದ. ಆ ಬೀಜದ ಪುಡಿ ಹೇನಿಗೆ ಮದ್ದು. ಗುಡ್ಡದ ಬುಡದಲ್ಲಿ ಹಣ್ಣು ಬಿಡಿಸಿ ಬದುಕುವ ಹತ್ತು ಗುಡಿಸಲುಗಳಿದ್ದವು, ಅವುಗಳಲ್ಲೊಂದು ಕೆಂಚವ್ವನದು. ಗಂಡ ಸತ್ತ ಹೆಂಗಸು, ವಾಡೆಯಲ್ಲಿ ಅರೆಯುವ ಕುಟ್ಟುವ ಕೆಲಸ, ಅದರ ಜೊತೆಗೆ ಹೆಣ್ಣುಮಕ್ಕಳ ತಲೆ ಬಾಚುವ ಕೆಲಸ. ಗಾಳೆಪ್ಪನಿಗೆ ಜಗತ್ತಿನಲ್ಲಿ ಅಕ್ಕ ಅಂತ ಇದ್ದರೆ ಅವಳೊಬ್ಬಳೇ. ಗಿಡದ ಕುಲ ತಿಳಿಯುವುದು ಹೇಗೆಂದು ಅವನಿಗೆ ಕಲಿಸಿದವಳೂ ಅವಳೇ. “ಹಣ್ಣಿನ ಮಾರಿ ನೋಡಬ್ಯಾಡ ತಮ್ಮಾ, ಮಾರಿ ಸುಳ್ಳು ಹೇಳ್ತೈತಿ. ಟೊಂಗಿ ಮುರದು ನೋಡು, ತೊಗಟಿ ನಾರಾಗಿ ಸುಲೀತೈತೋ ಇಲ್ಲೋ. ಹೂವಿನ ಎಸಳು ಎಣಸು, ಮೂರರ ಲೆಕ್ಕಕ್ಕ ಕೂಡ್ತಾವೋ ಇಲ್ಲೋ. ಆಮ್ಯಾಲ ಬೀಜ ಒಡಿ,” ಎಂದಿದ್ದಳು. ಒಡೆದು ತೋರಿಸಿದ್ದಳು ಕೂಡ. ಕಪ್ಪು ಚಿಪ್ಪಿನೊಳಗೆ ಬಿಳಿಯ ತಿರುಳು, ಆ ತಿರುಳಿನೊಳಕ್ಕೆ ಎರಡು ಅಂಚಿನಿಂದಲೂ ಬಾಚಣಿಕೆಯ ಹಲ್ಲಿನಂತೆ ಇಳಿದ ಕಂದು ಗೆರೆಗಳು. ಆ ಗೆರೆ ಇದ್ದದ್ದೆಲ್ಲ ಒಂದೇ ಮನೆತನ. ಮಠದ ಅಯ್ಯನವರು ಹೇಳದೆ ಉಳಿದದ್ದನ್ನು ಒಂದು ಬೀಜ ಹೇಳಿತು.

ಆ ವರ್ಷ ಗಾಳೆಪ್ಪ ಬಂದಾಗ ಗುಡ್ಡದ ಬುಡದಲ್ಲಿ ಕೊಡಲಿ ಮಸೆಯುವ ಸದ್ದು. ನಲವತ್ತು ಆಳುಗಳು. ಗುಡಿಸಲುಗಳ ಮಂದಿ ಚಾಪೆ ಮಡಕೆಗಳನ್ನು ಹೊರಗಿಟ್ಟುಕೊಂಡು ನಿಂತಿದ್ದರು. ಕೆಂಚವ್ವ ಬಂಡೆಯ ಮೇಲೆ ಕೂತಿದ್ದಳು, ಅವಳ ಕೈಗಳನ್ನು ಹಗ್ಗದಿಂದ ಕಟ್ಟಿದ್ದರು. ಆದದ್ದು ಇಷ್ಟು. ದೇಸಾಯಿಯ ಏಳು ವರ್ಷದ ಮಗಳು ನೀಲಾಳ ತಲೆಯಲ್ಲಿ ಹೇನು. ಗುಡ್ಡದ ಬೀಜ ಮಗುವಿನ ತಲೆಗೆ ತಾಗಬಾರದೆಂದು ಪಂಡಿತ ತನ್ನ ಚೀಲದಿಂದ ರಾಮಫಲದ ಬೀಜ ತೆಗೆದುಕೊಟ್ಟು, ಎಣ್ಣೆಯಲ್ಲಿ ಅರೆದು ಹಚ್ಚಲು ಹೇಳಿದ. ಕೆಂಚವ್ವ ಅರೆದಳು; ಹಚ್ಚುವ ಮೊದಲು ಮಗುವಿನ ಹಣೆಗೆ ಬಟ್ಟೆ ಬಿಗಿದಳು, ಕಣ್ಣಿಗೆ ಇಳಿಯದಿರಲಿ ಎಂದು. ಪಂಡಿತ ಬಂದು ಬಟ್ಟೆ ಬಿಚ್ಚಿಸಿದ. ಇದು ದೇವಕುಲದ್ದು, ಉರಿಯುವುದು ನಿಮ್ಮ ಗುಡ್ಡದ ಬೀಜ, ಇದಕ್ಕೆ ಬಟ್ಟೆ ಕಟ್ಟುವುದು ನೈವೇದ್ಯದ ಹಣ್ಣಿಗೆ ಅಪಚಾರ ಎಂದ. ಬಿಸಿಲಿಗೆ ಎಣ್ಣೆ ಇಳಿಯಿತು, ಮಗು ಕೈಯಿಂದ ಉಜ್ಜಿಕೊಂಡಿತು. ಮೂರು ದಿನ ಕಿರುಚಿತು. ನಾಲ್ಕನೆಯ ದಿನ ಎಡಗಣ್ಣಿನ ಮೇಲೆ ಬಿಳಿಯ ಪೊರೆ ಕೂತಿತು. ಅದು ಮತ್ತೆ ಹೋಗಲೇ ಇಲ್ಲ. ಪಂಡಿತ ಏನು ಮಾಡಿದ? ಕಡತ ಬಿಚ್ಚಿದ. ರಾಮಫಲದ ಬೀಜ ಉರಿಯುವುದಿಲ್ಲ, ಆದರೆ ಕಣ್ಣು ಉರಿದಿದೆ, ಹಾಗಾದರೆ ಇವಳು ಬೀಜ ಬದಲಿಸಿ ಗುಡ್ಡದ್ದನ್ನು ಅರೆದಿದ್ದಾಳೆ, ಎಂದ. ದೇಸಾಯಿ ಒಪ್ಪಿದ. ಗುಡಿಸಲು ಕೀಳಬೇಕು, ಗುಡ್ಡ ಬೋಳಿಸಬೇಕು, ಕೆಂಚವ್ವನನ್ನು ಸೀಮೆಯಾಚೆ ಅಟ್ಟಬೇಕು ಎಂದು ತೀರ್ಪಾಯಿತು. ಗುಡಿಸಲಿನವರಿಗೆ ಚಾವಡಿ ಏರಲು ಹಕ್ಕಿಲ್ಲದ್ದರಿಂದ ತೀರ್ಪು ಸಾರಲು ದೇಸಾಯಿಯೇ ಪಂಡಿತನೊಡನೆ ಬಂಡೆಗೆ ಬಂದು ಎಲ್ಲರನ್ನೂ ಅಲ್ಲಿಗೆ ಕರೆಸಿದ್ದ.

ಗಾಳೆಪ್ಪ ಇದನ್ನೆಲ್ಲ ನಿಂತೇ ಕೇಳಿದ. ಕೇಳುತ್ತ ಕೇಳುತ್ತ ಅವನ ಹೆಗಲ ಗಂಟು ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಹನ್ನೊಂದು ವರ್ಷದವನಿದ್ದಾಗ ಮರಳು ಒರೆಸಿದ ಅಂಗೈಯಿಂದಲೇ ಅಡ್ಡ ನಿಂತ ಆಳುಗಳನ್ನು ಸರಿಸಿದ ಎನ್ನುತ್ತಾರೆ. ನೇರ ದೇಸಾಯಿಯ ಮುಂದೆ ಹೋಗಿ, “ಧಣ್ಯಾರ, ಕೊಡ್ಲಿ ಎಲ್ಲಿಗೂ ಹೋಗೂದಿಲ್ಲ. ಒಂದು ತಾಸು ತಡೀರಿ,” ಎಂದ.

“ನೀ ಯಾರಲೇ?” ಎಂದ ಪಂಡಿತ.

“ಹೇನಿನ ಮದ್ದು ಮಾರಾಂವ. ನಿಮ್ಮ ಧಂದೇದಾಂವನ ಅನ್ರಿ.”

ಆಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೇಸಾಯಿ ನಗಲಿಲ್ಲ, ಬೇಡ ಎನ್ನಲೂ ಇಲ್ಲ. ಮಗಳ ಕಣ್ಣು ಹೋದವನಿಗೆ ಒಂದು ತಾಸು ದೊಡ್ಡದಲ್ಲ. ಗಾಳೆಪ್ಪ ಮೂರು ಕಡೆಗೆ ಆಳು ಓಡಿಸಿದ: ತೋಟದಿಂದ ರಾಮಫಲದ ಟೊಂಗೆ ಮತ್ತು ಬೀಜ, ಚಪ್ಪರದಿಂದ ಮನೋರಂಜಿತದ ಬಳ್ಳಿ ಮತ್ತು ಕಾಯಿ, ಕುರಿಹಟ್ಟಿಯಿಂದ ಹಸಿದ ಒಂದು ಆಡು. ಸೀತಾಫಲ ಅಲ್ಲೇ ಇತ್ತು. ಮೊದಲು ಆಡಿನ ಮುಂದೆ ಸೀತಾಫಲದ ಸೊಪ್ಪು ಹಿಡಿದ. ಆಡು ಮೂಸಿ ಸೀನಿತು. ಅಡವಿಕುಲದ್ದು, ತಿನ್ನಲಿಲ್ಲ, ಸರಿ ಎಂದ. ಆಮೇಲೆ ರಾಮಫಲದ ಸೊಪ್ಪು ಹಿಡಿದ. ಆಡು ಮತ್ತೆ ಸೀನಿ, ತಿರುಗಿ ಪಂಡಿತನ ಧೋತರದ ಅಂಚಿಗೆ ಬಾಯಿ ಹಾಕಿತು. “ಪಂಡಿತರ, ಆಡಿಗೆ ಕಡತ ಓದಾಕ ಬರೂದಿಲ್ಲ, ಮೂಗು ಐತಿ,” ಎಂದ ಗಾಳೆಪ್ಪ. ಈ ಸಲ ನಗು ದೊಡ್ಡದಾಯಿತು. ಅವನು ಮಾತ್ರ ನಗಲಿಲ್ಲ. ಮೂರು ಟೊಂಗೆ ಮುರಿದು ಸುಲಿದ. ಮೂರರ ತೊಗಟೆಯೂ ಹಗ್ಗದ ನಾರಿನಂತೆ ಉದ್ದುದ್ದ ಬಂತು. ನಂತರ ಚೀಲದಿಂದ ತನ್ನ ಅರೆಯುವ ಉರುಟು ಕಲ್ಲು ತೆಗೆದು, ಬಂಡೆಯ ಮೇಲೆ ಮೂರು ಜಾಗದಲ್ಲಿ ಬೀಜವಿಟ್ಟು ಒಡೆದ. ಒಂದೆರಡು ಏಟಿಗೆ ಮುಗಿಯುವ ಕೆಲಸ. ಸಿಟ್ಟಿಗೆ ಅಷ್ಟು ಸಾಲಲಿಲ್ಲ. ಮುಷ್ಟಿಗಟ್ಟಲೆ ಬೀಜ ಸುರಿದು, ಕೆಳಗಿನ ಕಲ್ಲು ಪುಡಿಯಾಗಿ ಏಳುವವರೆಗೂ ಜಜ್ಜಿದ, ಬಂಡೆಗೆ ಕುಳಿ ಬಿದ್ದದ್ದು ಆಗಲೇ ಎನ್ನುತ್ತಾರೆ. ಒಡೆದ ಹೋಳುಗಳನ್ನು ಅಂಗೈಯಲ್ಲಿಟ್ಟು ಆಳುಗಳಿಗೆ, ಗುಡಿಸಲಿನವರಿಗೆ, ಕೊನೆಗೆ ದೇಸಾಯಿಗೆ ತೋರಿಸಿದ. ಮೂರರಲ್ಲೂ ಅದೇ ಬಿಳಿಯ ತಿರುಳು, ಅದೇ ಬಾಚಣಿಕೆಯ ಹಲ್ಲು.

“ದೇವರ ಹಣ್ಣು, ಮುಡಿಯೋ ಹೂವು, ಅಡವಿ ಹಣ್ಣು. ಇದರಾಗ ಯಾವುದು ಯಾವುದು ಅಂತ ಬೀಜ ನೋಡಿ ಪಂಡಿತರು ಹೇಳ್ಲಿ,” ಎಂದ.

ಪಂಡಿತ ಬೀಜ ನೋಡಲಿಲ್ಲ. “ಗುರುಗಳ ಕಡತದಾಗ ಹಂಗಿಲ್ಲ. ಗೆರಿ ಒಂದಾದ್ರ ಗುಣ ಒಂದಾಗತದೇನು?” ಎಂದ.

ಆ ಮಾತು ಒಂದು ರೀತಿಯಲ್ಲಿ ಸರಿಯೇ ಇತ್ತು. ಅದಕ್ಕೇ ಗಾಳೆಪ್ಪನಿಗೆ ತಡೆಯಲಾಗಲಿಲ್ಲ. ಪಂಡಿತನ ಚೀಲದಿಂದಲೇ, ಎಲ್ಲರೆದುರು, ರಾಮಫಲದ ಬೀಜ ಹಿಡಿ ತುಂಬ ತೆಗೆದು, ಎಣ್ಣೆ ಹಾಕಿ ಅರೆದ. ಬೆರಳ ತುದಿಗೆ ಹಚ್ಚಿಕೊಂಡು ಎದ್ದು, ಎಡಗೈಯಿಂದ ಪಂಡಿತನ ಗದ್ದ ಹಿಡಿದ. “ಗುಣ ನೋಡೋಣಂತ ಬರ್ರಿ. ದೇವಕುಲದ್ದು, ಉರಿಯೂದಿಲ್ಲ. ಕಣ್ಣು ತಗೀರಿ.” ದೇಸಾಯಿ ತಡೆಯಲಿಲ್ಲ, ಅವನಿಗೂ ಅದೇ ಬೇಕಾಗಿತ್ತು. ಪಂಡಿತ ತಲೆ ಕೊಸರಿದ, ರೆಪ್ಪೆ ಬಿಗಿದ. ಬೆರಳು ಒಂದು ಅಕ್ಕಿಕಾಳಿನಷ್ಟು ದೂರದಲ್ಲಿದ್ದಾಗ ಹಿಂದಿನಿಂದ ಕೆಂಚವ್ವ ಕೂಗಿದಳು, “ಬಿಡೋ ತಮ್ಮಾ. ಒಂದು ಕಣ್ಣು ಹೋಗಿದ್ದು ಸಾಕು.” ಗಾಳೆಪ್ಪನ ಬೆರಳು ನಿಂತಿತು. ಹಿಡಿದ ಗದ್ದ ಮಾತ್ರ ಬಿಡಲಿಲ್ಲ.

“ಬ್ಯಾಡ,” ಎಂದ ಪಂಡಿತ, ಕಣ್ಣು ಮುಚ್ಚಿಕೊಂಡೇ. “ಉರೀತದ.”

ಯಾವಾಗಿನಿಂದ ಗೊತ್ತು ಎಂದು ಗಾಳೆಪ್ಪ ಕೇಳಿದ. ಪಂಡಿತ ಬಡಬಡಿಸಿದ. ಗುರುಗಳ ಹತ್ತಿರ ಕಲಿಯುತ್ತಿದ್ದಾಗ ಒಮ್ಮೆ ಸಿಡಿದಿತ್ತು, ಎರಡು ದಿನ ಕಣ್ಣು ತೆರೆಯಲು ಆಗಿರಲಿಲ್ಲ. ಗುರುಗಳಿಗೆ ಹೇಳಿದರೆ ಕಡತ ತೋರಿಸಿದರು. ದೇವಕುಲದ್ದು ಉರಿಯುವುದಿಲ್ಲ, ನಿನ್ನ ಕಣ್ಣಿನದೇ ದೋಷ ಎಂದರು. ತನ್ನ ಕಣ್ಣಿನದೇ ದೋಷ ಎಂದು ಇವನೂ ನಂಬಿದ. ಮೂವತ್ತು ವರ್ಷ ನಂಬಿದ. ತನ್ನ ಕಣ್ಣು ಉರಿದದ್ದು ಸುಳ್ಳು, ಬರೆದದ್ದು ನಿಜ. ಇದನ್ನು ಕೇಳಿದ ಗಾಳೆಪ್ಪನಿಗೆ ಅವನ ಮೇಲೆ ಕನಿಕರ ಬರಬೇಕಿತ್ತು ಎಂದು ಕೆಲವರು ಕಥೆ ಹೇಳುವಾಗ ಸೇರಿಸುತ್ತಾರೆ. ಬರಲಿಲ್ಲ. ಯಾಕೆ ಬರಬೇಕು? ಸ್ವಂತ ಕಣ್ಣನ್ನು ನಂಬದವನು ತನ್ನ ಪಾಡಿಗೆ ಇದ್ದಿದ್ದರೆ ಆಗಿತ್ತು. ಅವನು ಮಗುವಿನ ಹಣೆಯ ಬಟ್ಟೆ ಬಿಚ್ಚಿಸಿದ.

ದೇಸಾಯಿ ಕೊಡಲಿಗಳನ್ನು ವಾಪಸು ಕಳಿಸಿದ. ಕೆಂಚವ್ವನ ಕೈ ಬಿಚ್ಚಿಸಿದ. ಗುಡಿಸಲು ಉಳಿದವು, ಗುಡ್ಡ ಉಳಿಯಿತು. ಅಷ್ಟಕ್ಕೆ ನಿಲ್ಲದೆ, ನೀನು ವಾಡೆಯಲ್ಲೇ ಇದ್ದುಬಿಡು, ಹೊಸ ಕಡತ ಬರೆಸೋಣ ಎಂದು ಗಾಳೆಪ್ಪನನ್ನು ಕರೆದ. ತನಗೆ ಅರ್ಧ ಅಕ್ಷರವಷ್ಟೇ ಬರುತ್ತದೆ ಎಂದ ಗಾಳೆಪ್ಪ. “ಕಡತ ನನಗ ಬ್ಯಾಡ್ರಿ. ಒಂದು ಮಾತು ಬೇಕು. ಆಕಿದು ತಪ್ಪಿಲ್ಲ ಅಂತ ಪಂಡಿತರು ಆಕಿ ಎದುರಿಗೆ ನಿಂತು, ಇಷ್ಟು ಮಂದಿ ಮುಂದ, ಒಂದು ಸಲ ಅನ್ಲಿ.”

ದೇಸಾಯಿ ಪಂಡಿತನನ್ನು ನೋಡಿದ, ಕೆಂಚವ್ವನನ್ನು ನೋಡಿದ, ಪೇಟ ಸರಿಮಾಡಿಕೊಂಡ. “ಪಂಡಿತರು? ಆಕಿ ಎದುರಿಗೆ? ಅದೆಲ್ಲ ಯಾಕ ಬೇಕು. ಆಗಿದ್ದು ಆತು, ಬಿಡು,” ಎಂದು ಕುದುರೆ ಹತ್ತಿದ. ಪಂಡಿತ ಹಿಂದೆಯೇ ಇಳಿದುಹೋದ, ಕಡತವನ್ನು ಎದೆಗೆ ಅವಚಿಕೊಂಡು.

ಪಂಡಿತ ಹೇಳದೆ ಹೋದ ಆ ಒಂದು ಮಾತಿನ ಸಾಲವನ್ನು ಗುಂಡ್ಲಾಳ ಇನ್ನೂ ತೀರಿಸುತ್ತಿದೆ. ಆ ಊರಿನಲ್ಲಿ ನ್ಯಾಯ ಹೇಳಲು ಕೂರುವ ಹಿರಿಯರು ಇಂದಿಗೂ ಮೊದಲು ಈ ಬಂಡೆಗೆ ಬರಬೇಕು. ಕುಳಿಯಲ್ಲಿ ಒಂದು ಬೀಜವಿಟ್ಟು, ಉರುಟು ಕಲ್ಲಿನಿಂದ ಒಡೆದು, ಒಳಗೆ ನೋಡಿ, ಆಮೇಲೆ ಬಾಯಿ ತೆರೆಯಬೇಕು. ತಪ್ಪಿಲ್ಲದವರ ಮೇಲೆ ತಪ್ಪು ಹೊರಿಸಿದ್ದು ಕಂಡರೆ, ಹೊರಿಸಿದವನು ಎಷ್ಟು ದೊಡ್ಡವನಾದರೂ ಅಲ್ಲೇ ಎದುರು ನಿಂತು ಅದನ್ನು ಹೇಳಬೇಕು. ಈ ಪದ್ಧತಿ ಹಾಕಿದವಳು ಮುದುಕಿಯಾದ ಕೆಂಚವ್ವನೇ ಎನ್ನುತ್ತಾರೆ. ಬೀಜ ಒಡೆದ ಬಂಡೆ ಎಂದು ಹೆಸರಾದದ್ದು ಹಾಗೆ. ಫಲಕ ಬಿಟ್ಟು ಬಗ್ಗಿ ನೋಡುವವರಿಗೆ ಮೂರು ಕುಳಿಗಳಲ್ಲೂ ಒಡೆದ ಚಿಪ್ಪು ಕಾಣುತ್ತದೆ, ಕೆಲವು ನಿನ್ನೆ ಮೊನ್ನೆಯವು. ಉರುಟು ಕಲ್ಲನ್ನು ಯಾರೂ ಕದಿಯುವುದಿಲ್ಲ. ಗಾಳೆಪ್ಪ ಅದನ್ನು ಬಿಟ್ಟುಹೋದದ್ದು ಮರೆತಲ್ಲ.

ಆ ಸಂಜೆ ಅವನು ಬಂಡೆಯ ಮೇಲೆ ಕೂತು ಚೀಲ ತುಂಬುತ್ತಿದ್ದ. ಬೇರಿನ ಕಟ್ಟು, ಎಣ್ಣೆಯ ಕುಡಿಕೆ, ಕಂಬಳಿ. ಕಲ್ಲನ್ನು ಕೈಗೆತ್ತಿಕೊಂಡು, ತೂಗಿ ನೋಡಿ, ಕೆಂಚವ್ವನ ಕಡೆ ಸರಿಸಿದ. ಅವನು ಬಂದ ದಿನವೇ ಹೊರಟದ್ದನ್ನು ಅವಳು ಎಂದೂ ನೋಡಿರಲಿಲ್ಲ.

“ನಾಕು ದಿನ ಇರಲೇ ತಮ್ಮಾ. ಬೀಜ ಸೈತ ಆರಿಸಿಲ್ಲ ನೀನು.”

“ಇದ್ರ ಅವನ ಕುತ್ತಿಗಿಗೆ ಕೈ ಹಾಕ್ತೀನಕ್ಕಾ.”

“ಹಾಕಿದ್ಯಲ್ಲ, ಗದ್ದಕ್ಕ.”

“ಗದ್ದ ಸಾಲಲಿಲ್ಲ.”

ಅವಳು ಹಗ್ಗದ ಗುರುತು ಮೂಡಿದ ಮಣಿಕಟ್ಟನ್ನು ಉಜ್ಜಿಕೊಂಡಳು. ಅವನು ಆ ಗುರುತನ್ನು ನೋಡಿದ. ಸುಲಿದಿಟ್ಟಿದ್ದ ಮೂರು ನಾರುಗಳನ್ನು, ರಾಮಫಲದ್ದು, ಸೀತಾಫಲದ್ದು, ಮನೋರಂಜಿತದ್ದು, ಒಂದಾಗಿ ಹೊಸೆದು ಚೀಲದ ಬಾಯಿಗೆ ಸುತ್ತಿದ. ಮೊಣಕಾಲು ಊರಿ, ಹಲ್ಲು ಕಚ್ಚಿ, ಗಂಟನ್ನು ಎಷ್ಟು ಬಿಗಿದನೆಂದರೆ ಮುಂದಿನ ಊರಿನಲ್ಲಿ ಅದನ್ನು ಬಿಚ್ಚಲು ಕೊಡಲಿಯೇ ಬೇಕಾಗುತ್ತಿತ್ತು.