ಲಗ್ನಪತ್ರಿಕೆಯ ನಡುವೆ ನಿಂತ ಕಂಪ್ಯೂಟರ್

"ಗುರುಗಳೇ, ದೊಡ್ಡ ಹಿತ್ತಾಳೆ ಕೊಪ್ಪರಿಗೆಯಲ್ಲಿ ಹಾಲು ಕಾಯಿಸುವ ಹೆಂಗಸಿನ ಕೈಗುಣ ಚೆನ್ನಾಗಿಲ್ಲ. ಅವಳು ಕಾಯಿಸಿದ ಹಾಲು ಒಡೆಯುತ್ತದೆ. ಅವಳನ್ನು ಬಿಡಿಸಿಬಿಡಲೆ?" ಎಂದು ಶಿಷ್ಯ ಕೇಳಿದ. ಮಠದ ಅಡುಗೆಮನೆಯ ಉಸ್ತುವಾರಿ ಅವನದು.

ಗುರುಗಳು ಕುಳಿತುಕೋ ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಲಗ್ನಪತ್ರಿಕೆ ಅಚ್ಚು ಹಾಕಿ ಕೊಡುವುದು ಅವನ ಕಸುಬು. ಅಂಗಡಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದರ ಮುಂದೆ ಕೂತು ಪತ್ರಿಕೆ ಸಿದ್ಧ ಮಾಡುತ್ತಿದ್ದವಳು ಒಬ್ಬ ವಿಧವೆ. ಗಂಡ ಸತ್ತ ಮೇಲೆ ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಆ ಕೆಲಸದಿಂದಲೇ. ವ್ಯಾಪಾರಿ ಅವಳನ್ನು ಒಳಕೋಣೆಯಲ್ಲಿ ಕೂರಿಸಿದ್ದ. ಮದುವೆ ಮನೆಯವರ ಕಣ್ಣಿಗೆ ಅವಳು ಬೀಳಬಾರದು. ಅವನಿಗೆ ಅವಳ ದುಡಿಮೆ ಬೇಕು, ಮುಖ ಬೇಡ.

ಮದುವೆಗಳು ಹೆಚ್ಚಿದ ಹೊತ್ತಿನಲ್ಲೇ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಮೌಸ್ ಅಲ್ಲಾಡಿಸಿದರೆ ಬಾಣದ ಗುರುತು ಕದಲುತ್ತಿರಲಿಲ್ಲ. ಕೆಲವು ಸಲ ಪರದೆಯೆಲ್ಲ ನೀಲಿಯಾಗಿ, ಯಂತ್ರ ತಾನಾಗಿಯೇ ಆರಿ ಮತ್ತೆ ಶುರುವಾಗುತ್ತಿತ್ತು. ಅಲ್ಲಿಯವರೆಗೆ ಮಾಡಿದ ಕೆಲಸ ಮಣ್ಣುಪಾಲು. ಒಂದು ದಿನ ಸಂಜೆಯವರೆಗೂ ತಕರಾರಿಲ್ಲದೆ ಓಡುತ್ತಿತ್ತು. ಮರುದಿನ ಗಳಿಗೆಗೊಮ್ಮೆ ನಿಲ್ಲುತ್ತಿತ್ತು.

ವ್ಯಾಪಾರಿ ಸೆಕೆಯನ್ನು ದೂರಿ ಫ್ಯಾನ್ ತಂದಿಟ್ಟ. ಕರೆಂಟನ್ನು ದೂರಿ ಯುಪಿಎಸ್ ಬದಲಿಸಿದ. ವೈರಸ್ ಇರಬೇಕೆಂದು ರಿಪೇರಿಯವನನ್ನು ಕರೆಸಿ, ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿದ. ರಿಪೇರಿಯವನು ಹೋದ ಮೇಲೆ, ಉಳಿದದ್ದು ತನಗೇ ಗೊತ್ತೆಂದು ಮನೆಯಲ್ಲಿದ್ದ ಸಿ.ಡಿ.ಗಳನ್ನು ತಾನೇ ಹಾಕಿಕೊಂಡ. ಕಂಪ್ಯೂಟರ್ ಮತ್ತೆ ನಿಂತಿತು. ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದ. ನಿಂಬೆಹಣ್ಣು ಒಣಗಿತು, ಅಷ್ಟೆ.

ವ್ಯಾಪಾರಿಯ ಹೆಂಡತಿ ಸಂಜೆ ಅಂಗಡಿಗೆ ಬಂದು ಅದೇ ಕಂಪ್ಯೂಟರಿನಲ್ಲಿ ಬಿಲ್ಲು ಟೈಪು ಮಾಡುತ್ತಿದ್ದಳು. ಅವಳ ಕೈಯಲ್ಲಿ ಅದು ಒಮ್ಮೆಯೂ ನಿಂತಿರಲಿಲ್ಲ. ಇದನ್ನು ವ್ಯಾಪಾರಿ ಗಮನಿಸಿದ. ಗಮನಿಸಿದ್ದು ಸರಿಯೇ. ಆದರೆ ಅದರ ಅರ್ಥವನ್ನು ಅವನು ಹುಡುಕಲಿಲ್ಲ. ಅದು ಅವನ ತಲೆಯಲ್ಲಿ ಮೊದಲೇ ಕೂತಿತ್ತು. ಮುತ್ತೈದೆ ಮುಟ್ಟಿದರೆ ಓಡುವ ಯಂತ್ರ ವಿಧವೆ ಮುಟ್ಟಿದರೆ ನಿಲ್ಲುತ್ತದೆ ಎಂದುಕೊಂಡ. ದಿನವೂ ಅವಳೆದುರೇ ಅದನ್ನು ಹೇಳತೊಡಗಿದ. ಕೊನೆಗೆ, ಮುಂದಿನ ವಾರದಿಂದ ಬರುವುದು ಬೇಡ, ಅಷ್ಟರೊಳಗೆ ನನ್ನ ಹೆಂಡತಿಗೆ ಕೆಲಸ ಕಲಿಸಿಕೊಡು ಎಂದು ವಿಧವೆಗೆ ಹೇಳಿದ.

ದಿನವೂ ಅದೇ ಮಾತು ಕೇಳಿ ಕೇಳಿ ಅವಳಿಗೇ ತನ್ನ ಕೈಯ ಮೇಲೆ ಅನುಮಾನ ಹುಟ್ಟಿತ್ತು. ಕೀಲಿಮಣೆ ಮುಟ್ಟುವ ಮೊದಲು ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಕೆಲಸ ಕಿತ್ತುಕೊಳ್ಳುವುದು ಅನ್ಯಾಯ, ಎಂದರು ಗುರುಗಳು. ಅವಳ ಕೈಯನ್ನೇ ಅವಳು ಹೇಸುವಂತೆ ಮಾಡುವುದು ಅದಕ್ಕಿಂತ ದೊಡ್ಡ ಅನ್ಯಾಯ.

ವಿಧವೆ ಹಿಂದೆ ಸ್ಟೂಲಿನ ಮೇಲೆ ಕೂತಳು. ಹೆಂಡತಿ ಕುರ್ಚಿಯಲ್ಲಿ ಕೂತಳು. ಮೇಲೆ ಗಣಪತಿ, ಕೆಳಗೆ ಗಂಡುಹೆಣ್ಣಿನ ಫೋಟೊ ಇಡಬೇಕೆಂದು ವಿಧವೆ ಹೇಳಿಕೊಟ್ಟಳು. ಹೆಂಡತಿ ಗಣಪತಿಯನ್ನು ದೊಡ್ಡದು ಮಾಡಿದಳು. ಪರದೆ ಗಕ್ಕನೆ ನಿಂತಿತು.

"ಈಗ ಯಾರ ಕೈ ಅಂತೀರಿ?" ಎಂದು ಅವಳು ಗಂಡನನ್ನು ಕೇಳಿದಳು.

"ಅವಳು ಹಿಂದೇನೇ ಕೂತಿದ್ದಾಳಲ್ಲ" ಎಂದ ವ್ಯಾಪಾರಿ.

ಹಾಗಾದರೆ ಅದೂ ಆಗಿಹೋಗಲಿ ಎಂದು ಹೆಂಡತಿ ವಿಧವೆಯನ್ನು ಬೀದಿಯಲ್ಲಿ ನಿಲ್ಲಲು ಕೇಳಿಕೊಂಡಳು. ವಿಧವೆ ಹೊರಗೆ ಹೋಗಿ ಎದುರಿನ ಚಹಾದಂಗಡಿಯ ಪಕ್ಕದಲ್ಲಿ ನಿಂತಳು. ಒಳಗೆ ಯಂತ್ರ ಓಡಿದರೆ ತನ್ನ ಕತೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಒಳಗಿನಿಂದ ಏನೂ ಕೇಳಿಸಲಿಲ್ಲ. ಆಮೇಲೆ ಹೆಂಡತಿ ಜೋರಾಗಿ ನಗುವುದು ಕೇಳಿಸಿತು.

"ಅಕ್ಕಾ, ಒಳಗೆ ಬನ್ನಿ. ನನ್ನ ತಾಳಿಗೂ ಇದು ಮರ್ಯಾದೆ ಕೊಡಲಿಲ್ಲ."

ವಿಧವೆ ಅಂಗಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಮೊದಲು ಕಣ್ಣಲ್ಲಿ ನೀರು ಬಂತು, ಹಿಂದೆಯೇ ನಗು ಬಂತು. ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅವು ಬರೀ ಕೈಗಳಾಗಿದ್ದವು.

ರಿಪೇರಿಯವನು ಮತ್ತೆ ಬಂದ. ಈ ಸಲ ಅವನಿಗೆ ವಿವರ ಹೇಳಿದವಳು ವಿಧವೆ. ಅಕ್ಷರ ಹೊಡೆಯುವಾಗ ನಿಲ್ಲುವುದಿಲ್ಲ, ದೊಡ್ಡ ಚಿತ್ರ ತೆರೆದಾಗ ನಿಲ್ಲುತ್ತದೆ, ಬಿಲ್ಲಿನಲ್ಲಿ ಚಿತ್ರವಿರುವುದಿಲ್ಲ ಎಂದಳು. ಈ ಕಾಟ ಶುರುವಾಗುವ ಮೊದಲು ಹೊಸದೇನು ಹಾಕಿದಿರಿ ಎಂದು ಅವನು ವ್ಯಾಪಾರಿಯನ್ನು ಕೇಳಿದ. ವ್ಯಾಪಾರಿ ತಲೆ ಕೆರೆದುಕೊಂಡ. ಬಣ್ಣ ಚೆನ್ನಾಗಿ ಕಾಣಲೆಂದು, ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊಸದಾಗಿ ಹಾಕಿಸಿದ್ದ. ಅದರ ಡ್ರೈವರನ್ನು ಮಾತ್ರ ಹಳೆಯ ಕಾರ್ಡಿನ ಸಿ.ಡಿ.ಯಿಂದ ತುಂಬಿದ್ದ. ಎಲ್ಲವನ್ನೂ ಅಳಿಸಿ ಹಾಕಿಸಿದ ಮೇಲೂ ಮತ್ತೆ ಅದನ್ನೇ ತುಂಬಿದ್ದ.

ಡ್ರೈವರ್ ಎಂದರೆ ಕಂಪ್ಯೂಟರಿಗೂ ಅದಕ್ಕೆ ಜೋಡಿಸಿದ ಸಾಧನಕ್ಕೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶ. ಅದು ತಪ್ಪಾಗಿ ದಾಟಿಸಿದರೆ ಇಬ್ಬರೂ ದಿಕ್ಕು ತೋಚದೆ ನಿಲ್ಲುತ್ತಾರೆ. ರಿಪೇರಿಯವನು ಆ ಡ್ರೈವರ್ ಇಲ್ಲದೆ, ಸೇಫ್ ಮೋಡಿನಲ್ಲಿ ಯಂತ್ರವನ್ನು ಶುರುಮಾಡಿದ. ಗಣಪತಿಯನ್ನು ಎಷ್ಟು ಹಿಗ್ಗಿಸಿದರೂ ಅದು ನಿಲ್ಲಲಿಲ್ಲ. ಯಂತ್ರ ಗಟ್ಟಿಯಾಗಿದೆ ಎಂದು ಅವನಿಗೆ ತಿಳಿಯಿತು. ತಪ್ಪು ಡ್ರೈವರನ್ನು ಬೇರುಸಹಿತ ತೆಗೆದು, ಹೊಸ ಕಾರ್ಡಿಗೆ ತಕ್ಕದ್ದನ್ನು ಹಾಕಿದ. ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಆ ದಿನ ಸಂಜೆಯವರೆಗೆ ಪತ್ರಿಕೆಗಳು ಒಂದರ ಹಿಂದೆ ಒಂದು ಸಿದ್ಧವಾದವು. ವಿಧವೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ.

ಮುಂದಿನ ವಾರವೂ ಬಾ ಎಂದ ವ್ಯಾಪಾರಿ. ಬರುತ್ತೇನೆ, ಆದರೆ ಕಂಪ್ಯೂಟರನ್ನು ಹೊರಗಿನ ಕೋಣೆಗೆ ತನ್ನಿ ಎಂದಳು ಅವಳು. ವ್ಯಾಪಾರಿ ಹೆಂಡತಿಯ ಮುಖ ನೋಡಿದ. ಹೆಂಡತಿ ಆಗಲೇ ಮೇಜಿನ ಒಂದು ತುದಿ ಹಿಡಿದು ಎತ್ತಿದ್ದಳು.

ಕತೆ ಮುಗಿಯಿತು. ಸದ್ಯ, ಆ ತಾಯಿ ಉಳಿದುಕೊಂಡಳು ಎಂದು ಶಿಷ್ಯ ಉಸಿರುಬಿಟ್ಟ. ಆ ವ್ಯಾಪಾರಿಯಂಥ ದಡ್ಡನೂ ಇರುತ್ತಾನೆಯೆ ಎಂದು ನಕ್ಕ.

"ನಾಳೆ ಅದೇ ಕೊಪ್ಪರಿಗೆಯಲ್ಲಿ ಹಾಲು ನೀನು ಕಾಯಿಸು" ಎಂದರು ಗುರುಗಳು.