ಡಬ್ಬಿ ತಳದ ನಂಬರು

"ಈ ಮಗ್ಗದ ಆಣಿ ತಂಗೀ, ಇದು ಖರೇನ ನಡದದ್ದು. ಒಂದ ಎಳಿ ಸುಳ್ಳಿದ್ರ ನನ್ನ ಕೈ ಬಿದ್ದು ಹೋಗ್ಲಿ," ಅಂದ ಬಾಳಪ್ಪಜ್ಜ.

ಅಜ್ಜ ಸುಮ್ಮಸುಮ್ಮನ ಆಣಿ ಮಾಡಾಂವಲ್ಲ. ದಾನೇಶ್ವರಿ ಕೇಳಿದ ಪ್ರಶ್ನೆ ಹಂಗಿತ್ತು. ಆಕಿ ಮುಂಜಾನೆ ಅಜ್ಜನ ಹತ್ರ ನೇಯೂದು ಕಲೀತಿದ್ಲು, ಮಧ್ಯಾಹ್ನ ನೇಕಾರ ಸಂಘದ ವೆಬ್ ಪುಟ ಕಟ್ಟತಿದ್ಲು. ಮಂದಿ ಸೀರಿ ನೋಡಿ ಅಲ್ಲೇ ಆರ್ಡರ್ ಕೊಡೂ ಪುಟ ಅದು. ಸ್ವಾಮವಾರ ತೆರೀಬೇಕಿತ್ತು. ಆಕಿ ಕಂಪ್ಯೂಟರಿನ್ಯಾಗ ಪುಟ ಗೊಂಬಿ ಹಂಗ ಕುಂತಿತ್ತು. ನಿನ್ನೆ ಸಂಘದ ಹೊಸಾ ಕಂಪ್ಯೂಟರಿನ್ಯಾಗ ಅದನ್ನ ಮೊದಲಿಂದ ಕಟ್ಟಿದ್ರ, ಚಿತ್ರದ ಮ್ಯಾಲೆ ಚಿತ್ರ ಬಿದ್ದು ಆರ್ಡರ್ ಒತ್ತೂ ಗುಂಡೀನ ಕಾಣವಲ್ದು. 'ಸ್ವಾಮವಾರ ಆಗದಿದ್ರ ಬಿಡವಾ, ಆರ್ಡರ್ ಬರಕೊಳ್ಳೂ ನಮ್ಮ ಹಳೇ ಚೀಟಿನ ಚೊಲೋ' ಅಂದಿದ್ರು ಸಂಘದವ್ರು.

"ಅಜ್ಜಾ, ನಾ ಒಂದ ಅಕ್ಷರ ಬದಲಾಯಿಸಿಲ್ಲ. ಹಂಗಿದ್ರೂ ಇಲ್ಲೊಂಥರ ಅಲ್ಲೊಂಥರ ಯಾಕ ಆತು? ತಪ್ಪು ಯಾರ್ದು?" ಅಂತ ಕೇಳಿದ್ಲು ಆಕಿ.

"ಎಲ್ಲಾ ನೀನ ಬರದೀಯೇನು?"

"ಎಲ್ಲಿ ಅಜ್ಜಾ! ಗುಂಡಿ ಒಬ್ಬರು ಮಾಡಿಟ್ಟಿರ್ತಾರ, ಚಿತ್ರ ಸರಿಸೂದು ಇನ್ನೊಬ್ಬರು. ಅವರೂ ಮತ್ಯಾರ್ದೋ ತಗೊಂಡಿರ್ತಾರ. ನಾ ಹೆಸರು ಬರದ್ರ ಸಾಕು, ಕಟ್ಟೂಮುಂದ ಇಂಟರ್ನೆಟ್ಟಿನಿಂದ ತಾವ ಬರ್ತಾವು."

"ಹೆಸರು ಬರದ್ರ ಸಾಕು!" ಅಜ್ಜ ಲಾಳಿ ಕೆಳಗಿಟ್ಟ. "ಕಂಪ್ಯೂಟರ್ ನನಗ ತಿಳಿಯೂದಿಲ್ಲ. ಕೆಂಪು ತಿಳೀತೈತಿ. ಕೇಳು."

ಆವಾಗ ಅಂವ ಮಗ್ಗದ ಮ್ಯಾಲೆ ಕೈ ಇಟ್ಟು ಆಣಿ ಮಾಡಿದ್ದು. ಹೇಳಿದ ಕತಿ ಇದು.

ಒಬ್ಬ ನೇಕಾರ ಇದ್ದ. ಹತ್ತೂರಾಗ ಅವನಂಥಾ ಕೈ ಆವಾಗೂ ಇರಲಿಲ್ಲ, ಈಗೂ ಇಲ್ಲ. ಅವನ ಹತ್ರ ಒಂದು ಭಜನಿ ಮಂಡಳಿಯ ಹೆಣ್ಣಮಕ್ಕಳು ಬಂದ್ರು. ಹನ್ನೆರಡು ಮಂದಿ. ಕರೀ ಒಡಲು, ದಾಳಿಂಬ್ರಿ ಕೆಂಪಿನ ಸೆರಗು, ಹನ್ನೆರಡೂ ಸೀರಿ ಒಂದ ಥರ ಬೇಕು ಅಂದ್ರು. ನೇಕಾರ ಮೀಸಿ ತೀಡಿ ಒಪ್ಪಿಕೊಂಡ.

ಏಳು ಸೀರಿ ಆಗೂದ್ರಾಗ ಕೆಂಪು ನೂಲು ತೀರ್ತು. 'ಅದ ದಾಳಿಂಬ್ರಿ ಕೆಂಪು ಕಳಸು' ಅಂತ ಬಣ್ಣಗಾರಗ ಹೇಳಿ ಕಳಿಸಿದ. ನೂಲಿನ ಲಡಿ ಬಂದ್ವು. ಕುಣಿ ಮಗ್ಗ, ನೆಲದ ಕೆಳಗ ಕಾಲು ಬಿಟ್ಟು ಕುಂಡ್ರೂದು, ಬೆಳಕು ಕಡಿಮಿ. ಹೊಸಾ ಲಡಿ ಹೊರಗ ಒಯ್ದು ಬಿಸಲಾಗ ಹಳೇದರ ಜೋಡಿ ಹಿಡದು ನೋಡಬೇಕಿತ್ತು. ನೋಡಲಿಲ್ಲ. 'ನನ್ನ ಕಣ್ಣಿಗೆ ಯಾವತ್ತು ಮೋಸ ಆಗೇತಿ? ದಾಳಿಂಬ್ರಿ ಅಂದ್ರ ದಾಳಿಂಬ್ರಿ' ಅಂದು ಉಳದ ಐದೂ ನೇದ ಒಗದ.

ಹೆಣ್ಣಮಕ್ಕಳು ಹೊಸಾ ಸೀರಿ ಉಟ್ಟು ಅಂಗಳದಾಗ ಸಾಲು ಹಿಡದು ಕುಂತ್ರು. ಬಿಸಲು ಬಿತ್ತು. ಏಳು ಸೆರಗು ದಾಳಿಂಬ್ರಿ, ಐದು ಕುಂಕುಮ. ಮಂಡಳಿಯ ಹಿರ್ಯಾಕಿಗೆ ಬಾಯಿ ಜೋರು.

'ಏನೋ ಯಪ್ಪಾ, ನಾವು ಕೂಡಿ ಹಾಡಾವರು. ನೀ ನಮ್ಮನ್ನ ಎರಡು ಪಾರ್ಟಿ ಮಾಡಿ ಕುಂಡ್ರಿಸೀಯಲ್ಲ!' ಅಂದು, ಐದು ಸೀರಿ ಮಡಚಿ ಅವನ ಕೈಯಾಗ ಇಟ್ಲು.

ನೇಕಾರ ತೋಳ ಏರಿಸಿಕೊಂಡು ಬಣ್ಣಗಾರನ ಮನಿಗೆ ಹೋದ. ಬಣ್ಣಗಾರ, 'ಅದ ನೀರು, ಅದ ಭಟ್ಟಿ, ಅದ ಪುಡಿ. ನಾ ಏನೂ ಬದಲಾಯಿಸಿಲ್ಲಪಾ' ಅಂದು ಪುಡಿ ಡಬ್ಬಿ ತಂದು ತೋರಿಸಿದ. ಮೂಲ್ಯಾಗ ಬಿದ್ದ ಹಳೇ ಡಬ್ಬಿನೂ ತಂದು ಬಾಜೂಕ ಇಟ್ರು. ಹೆಸರು ಅದ. ಮ್ಯಾಲಿನ ನವಿಲಿನ ಚಿತ್ರ ಅದ. ಎರಡೂ ಬೋರಲು ಹಾಕಿದ್ರ ತಳದ ನಂಬರು ಬ್ಯಾರೆ.

ಇಬ್ಬರೂ ಕೂಡಿ ಪುಡಿ ಅಂಗಡಿಗೆ ಹೋದ್ರು. ಅಂಗಡಿಯಂವ ನಕ್ಕ. 'ಮಾಡಾವ್ರು ಮೊದಲಿಗಿಂತ ಚೊಲೋ ಮಾಡ್ಯಾರ್ರೀ. ಬಣ್ಣ ಝಗ್ ಅಂತೈತಿ, ನೋಡಲಿಲ್ಲೇನು?'

ಖರೇನ. ಹೊಸಾ ಕೆಂಪು ಚೊಲೋನ ಇತ್ತು. ಆದರ ಹಳೇದರ ಜೋಡಿ ಒಂದಾಗಲಿಲ್ಲ. ಕಳ್ಳ ಅಂತ ಯಾರಿಗೆ ಅನ್ನೂದು? ಏರಿಸಿದ ತೋಳ ಇಳಿಸಿ ನೇಕಾರ ಮನಿಗೆ ಬಂದ.

ಅವತ್ತಿಂದ ಅವನ ಮನ್ಯಾಗ ಒಂದು ಪೆಟ್ಟಿಗಿ ಬಂತು. ಒಂದೊಂದು ಆರ್ಡರಿಗೂ ಒಂದು ರಟ್ಟು. ಅದಕ್ಕ ಆ ಸೀರಿಯ ಪ್ರತಿ ಬಣ್ಣದ ಎಳಿ ಒಂದೊಂದು ಗಂಟು, ಯಾವ ಬಣ್ಣ ಎಲ್ಲಿ, ಎಷ್ಟು ಎಳಿ ಅಂತ ಗೀಟು. ಗಂಟಿನ ಬಾಜೂಕ ನಂಬರು. ಬಣ್ಣಗಾರ ನೂಲು ಅದ್ದಿದ ಭಟ್ಟೀದಷ್ಟ ಅಲ್ಲ, ಆ ಬಣ್ಣಗಾರ ತಂದ ಡಬ್ಬಿ ತಳದ್ದೂ. ನೇಕಾರಗ ಓದಾಕ ಬರೂದಿಲ್ಲ, ನಂಬರನ್ನ ಚಿತ್ರ ಬರದಂಗ ಬರಕೊಂಡ. ಆರ್ಡರಿಗೆ ಬೇಕಾದ ನೂಲು ಮೊದಲ ತಂದು ಅದ ಪೆಟ್ಟಿಗ್ಯಾಗ ಇಡೂದು, ಗಂಟಿನ ಜೋಡಿ ಬಿಸಲಾಗ ಹಿಡದು ಹೊಂದದ ಲಡಿ ಹೊಸ್ತಲಾ ದಾಟಬಾರದು. ಹೊಸಾ ಬಣ್ಣ ಚೊಲೋ ಬಂದ್ರ ಬರಲಿ, ಹೊಸಾ ಆರ್ಡರಿಗೆ ಹೊಸಾ ರಟ್ಟು.

ಓಣಿಯವ್ರು, 'ಇಂವ ಎಳಿಗೂ ಜಾತಕ ಬರಿಯಾಕತ್ತ್ಯಾನ' ಅಂತ ನಕ್ರು.

ಆರು ವರ್ಷ ಆದ ಮ್ಯಾಲೆ ಅದ ಹಿರ್ಯಾಕಿ ಹೊಳ್ಳಿ ಬಂದ್ಲು. ಮತ್ತ ಹನ್ನೆರಡು ಸೀರಿ. 'ಈ ಸಲ ಪಾರ್ಟಿ ಒಡದಿ ಅಂದ್ರ ನೋಡು' ಅಂತ ಎಚ್ಚರಿಕಿ ಬ್ಯಾರೆ. ಏಳು ಆಗಿದ್ವು. ನೇಕಾರ ಕಲ್ಲಿನ ಮ್ಯಾಲೆ ಜಾರಿ ಬಲಗೈ ಮಣಿಕಟ್ಟು ಮುರಕೊಂಡ. ಐದು ಉಳದ್ವು. ಮತ್ತ ಐದ!

ಆಚಿ ಓಣ್ಯಾಗ ಒಬ್ಬ ನೇಕಾರತಿ ಇದ್ಲು. ಆಕಿ ಆ ಸೀರಿ ಕಣ್ಣಿಂದ ನೋಡಿದಾಕಿ ಅಲ್ಲ. ನೇಕಾರ ರಟ್ಟು ಕೊಟ್ಟ, ಪೆಟ್ಟಿಗ್ಯಾಗಿನ ನೂಲು ಕೊಟ್ಟ. ಬಾಯಿಂದ ಏನೂ ಹೇಳಲಿಲ್ಲ. ಅಂಥಾ ಬಾಯಿ ಮುಚ್ಚಿಕೊಂಡಿದ್ದು ಅವನ ಜನ್ಮದಾಗ ಅದೊಂದ ಸಲ. ಆಕಿ ತನ್ನ ಮನ್ಯಾಗ, ತನ್ನ ಮಗ್ಗದಾಗ, ತನ್ನ ಕೈಲೆ ಐದು ನೇದ್ಲು.

ಹನ್ನೆರಡು ಮಂದಿ ಉಟ್ಟು ಬಿಸಲಾಗ ಕುಂತ್ರು. ಹಿರ್ಯಾಕಿ ಒಂದೊಂದ ಸೆರಗು ಹಿಡದು ನೋಡಕೋತ ಹೋದ್ಲು, ಹೊಳ್ಳಿ ಬಂದ್ಲು, ಮತ್ತ ಹೋದ್ಲು. ಯಾವ ಐದು ಅಂತ ಆಕಿಗೆ ಸಿಗಲಿಲ್ಲ. ತಾನೂ ಸಾಲಿನ್ಯಾಗ ಕುಂತು ತಾಳ ಎತ್ತಿಕೊಂಡ್ಲು.

ಕತಿ ಅಷ್ಟ.

ದಾನೇಶ್ವರಿ ಆಗಲೇ ಎದ್ದಿದ್ಲು. "ಹೆಸರು ಅದ ಇದ್ರೂ ಸಂಘದ ಕಂಪ್ಯೂಟರಿಗೆ ಹೊಸಾ ನಂಬರಿನವು ಬಂದಾವು. ನನ್ನ ಕಂಪ್ಯೂಟರಿನ್ಯಾಗ ಹಳೇವೆಲ್ಲಾ ಇನ್ನೂ ಹಂಗ ಅದಾವ ಅಜ್ಜಾ. ಪ್ರತಿಯೊಂದ್ರ ನಂಬರು ಬರಕೋತೀನಿ. ಅವರು ಯಾರ್ದು ತಗೊಂಡಾರ, ಅವುಗಳ್ದೂ. ಆ ಸಾಮಾನೆಲ್ಲಾ ಸಂಘದ ಕಂಪ್ಯೂಟರಿನ್ಯಾಗೂ ಒಂದು ಪ್ರತಿ ಇಡ್ತೀನಿ. ಆಮ್ಯಾಲೆ ಯಾರರೆ ಕಟ್ಟಲಿ, ಎಲ್ಲಿ ಬೇಕಾದಲ್ಲಿ ಕಟ್ಟಲಿ, ಇದ ಪುಟ ಬರ್ತೈತಿ." ಸ್ವಾಮವಾರಕ್ಕ ಇನ್ನೂ ಮೂರು ದಿನ ಇತ್ತು. ಸಾಕಾಗಿತ್ತು.

ಹೊಸ್ತಲಾ ದಾಟಾಕ ಹೋದಾಕಿ ನಗಕೋತ ತಿರುಗಿದ್ಲು.

"ಅಲ್ಲಜ್ಜಾ, ಅಷ್ಟು ಸೊಕ್ಕಿದ್ದ ಆ ನೇಕಾರಗ ಮೊದಲನೇ ಐದು ಸೀರಿ ಹೊಳ್ಳಿ ಬಂದಾಗ ಎಷ್ಟು ಲುಕ್ಸಾನ ಆಗಿರಬೇಕು?"

ಅಜ್ಜ ಸೊಟ್ಟಾದ ಬಲಗೈ ಮಣಿಕಟ್ಟು ತಿರುವಿ ಲಾಳಿ ಎತ್ತಿಕೊಂಡ.

"ನನಗಾ? ನಾಕ ಸಾವಿರದ ಮುನ್ನೂರಾ ಅರವತ್ತೇಳು ರೂಪಾಯಿ, ಎಂಟಾಣೆ."